ಗುದ್ದಲಿ ಪೂಜೆ ಬೇಡವೆಂದ ಚಲುವಮ್ಮ

ಪಾಂಡವಪುರದ ಗಾಣದ ಬೀದಿಯಲ್ಲಿ ಯಾವ ಕಾಮಗಾರಿ ಶುರುವಾಗುವುದಿದ್ದರೂ ಅದರ ಗುದ್ದಲಿ ಪೂಜೆ ನಡೆಯುತ್ತಿದ್ದದ್ದು ಚಲುವಮ್ಮನ ಮನೆ ಮುಂದೆಯೇ. ಹಾಗೆಂದು ಯಾರೂ ಕೂತು ತೀರ್ಮಾನ ಮಾಡಿರಲಿಲ್ಲ. ಅವಳ ಮನೆ ಬೀದಿಯ ತಲೆಯಲ್ಲಿತ್ತು. ಅಲ್ಲಿ ರಸ್ತೆ ಸ್ವಲ್ಪ ಅಗಲವಾಗಿ, ಬಂದವರ ಕಾರು ನಿಲ್ಲಿಸಲು ಜಾಗವಿತ್ತು. ಬೇಸಾಯದ ಮನೆಯಾದ್ದರಿಂದ ಗುದ್ದಲಿ, ಮಂಕರಿ ಕೈಗೆ ಸಿಗುತ್ತಿದ್ದವು. ಕೊನೇ ಗಳಿಗೆಯಲ್ಲಿ ಯಾರಾದರೂ ಕರ್ಪೂರ ಮರೆತು ಬಂದಿದ್ದೇವೆ ಎಂದರೆ ಚಲುವಮ್ಮ ಒಳಗೆ ಹೋಗಿ ಕರ್ಪೂರವನ್ನೂ, ಜೊತೆಗೆ ಕುಂಕುಮದ ಬಟ್ಟಲನ್ನೂ ತಂದುಕೊಡುತ್ತಿದ್ದಳು. ಮುಖಂಡರು ಸೆರಗು ಹೊದ್ದ ಅವಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪೇಪರಿನಲ್ಲಿ ಅವಳನ್ನು ‘ಮತ್ತಿತರರು ಹಾಜರಿದ್ದರು’ ಎನ್ನುವುದರೊಳಗೆ ಸೇರಿಸುತ್ತಿದ್ದರು.

ಅವಳು ಹುಟ್ಟಿದ್ದು ತೊಣ್ಣೂರಿನಲ್ಲಿ. ಮದುವೆಯಾಗಿ ಈ ಮನೆಗೆ ಬಂದಾಗ ಗಂಡ ಚಿಕ್ಕಸ್ವಾಮಿಗೆ ಊರಾಚೆ ನಾಲೆ ಬಯಲಿನಲ್ಲಿ ಒಂದಿಷ್ಟು ಕಬ್ಬಿನ ಗದ್ದೆ, ಹಿತ್ತಿಲಲ್ಲಿ ಎರಡು ಹಸು ಇದ್ದವು. ಈಗಲೂ ಅಷ್ಟೇ ಇವೆ. ಮಗ ಶಿವಶಂಕರ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದಾನೆ, ಸೊಸೆ ಶ್ವೇತ ಅಂಗನವಾಡಿಗೆ ಹೋಗುತ್ತಾಳೆ. ಚಲುವಮ್ಮನ ಕೆಲಸವೆಲ್ಲ ಮುಂದಿನ ಜಗಲಿಯ ಮೇಲೆ. ಬೆಳಿಗ್ಗೆ ಅಲ್ಲಿಯೇ ಹಾಲು ಅಳೆದು ಕೊಡುವಳು. ಮಧ್ಯಾಹ್ನ ಅಲ್ಲಿಯೇ ಅವರೆಕಾಯಿ ಬಿಡಿಸುವಳು, ಸೊಪ್ಪು ಸೋಸುವಳು. ಸಂಜೆ ಬೀದಿಯ ಅರ್ಧ ಹೆಂಗಸರು ಅಲ್ಲಿ ಬಂದು ಕೂರುವರು. ಬಸ್ಸಿಗೆ ಹೊರಟವರು ಚೀಲವಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದದ್ದೂ ಆ ಜಗಲಿಯ ಮೇಲೆ. ದೊಡ್ಡ ಕಲ್ಲು ಹಾಸಿದ, ಬೇಸಿಗೆಯಲ್ಲೂ ತಣ್ಣಗಿರುವ ಜಗಲಿ ಅದು.

ಬೀದಿಯ ಫುಟ್‌ಪಾತು ಎಂದರೆ ಮೋರಿಯ ಮೇಲೆ ಮುಚ್ಚಿದ್ದ ಚಪ್ಪಡಿ ಕಲ್ಲುಗಳು, ಬೇರೇನೂ ಅಲ್ಲ. ಕಬ್ಬು ಅರೆಯುವ ಕಾಲದಲ್ಲಿ ಲೋಡು ತುಂಬಿದ ಟ್ರಾಕ್ಟರುಗಳು ಆ ಬೀದಿಯಲ್ಲೇ ಹೋಗಬೇಕು. ಎದುರಿಗೆ ಗಾಡಿ ಬಂದರೆ ಟ್ರಾಕ್ಟರು ಪಕ್ಕಕ್ಕೆ ಸರಿದು ಚಪ್ಪಡಿಯ ಮೇಲೆ ಹತ್ತುತ್ತಿತ್ತು. ಕೆಲವು ಚಪ್ಪಡಿ ಬಿರುಕುಬಿಟ್ಟಿದ್ದವು, ಕೆಲವು ಕಾಲಿಟ್ಟರೆ ಅಲ್ಲಾಡುತ್ತಿದ್ದವು, ಕೆಲವು ಕಡೆ ಚಪ್ಪಡಿಯೇ ಇರಲಿಲ್ಲ. ಎಡವಿ ಬಿದ್ದವರನ್ನು ಚಲುವಮ್ಮ ಕೈಹಿಡಿದು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಗಾಯಕ್ಕೆ ಅರಿಸಿನ ಒತ್ತಿ ಕಳಿಸುತ್ತಿದ್ದಳು. ಮಳೆ ಬಂದರೆ ಪಕ್ಕದ ಸುಬ್ರಹ್ಮಣ್ಯ ಆಚಾರಿಯ ಚಿನ್ನಬೆಳ್ಳಿ ಅಂಗಡಿಯ ಮುಂದೆ ಮೋರಿ ನೀರು ಉಕ್ಕಿ ನಿಲ್ಲುತ್ತಿತ್ತು. ಆಗೆಲ್ಲ ಚಲುವಮ್ಮ ಜಗಲಿಯ ಮೇಲೆ ನಿಂತುಕೊಂಡು ಪುರಸಭೆಯವರನ್ನು ಬೈಯುವಳು.

ಈ ಫುಟ್‌ಪಾತಿಗೆ ಮೊದಲ ಗುದ್ದಲಿ ಪೂಜೆ ಆದದ್ದು ಶಿವಶಂಕರನ ಮದುವೆಯ ವರ್ಷ. ಆಗಿನ ಸದಸ್ಯರು ಒಂದು ಗುದ್ದಲಿ ಮಣ್ಣು ಕಿತ್ತು, ಚಪ್ಪಾಳೆ ತಟ್ಟಿಸಿಕೊಂಡು ಹೋದರು. ಕಿತ್ತ ಗುಂಡಿಗೆ ಮಳೆನೀರು ತುಂಬಿತು. ಚಲುವಮ್ಮನೇ ಒಲೆಯ ಬೂದಿ, ಕಲ್ಲು ಸುರಿದು ಮುಚ್ಚಿದಳು. ಎರಡನೆಯದು ರವೀಂದ್ರ ಸದಸ್ಯನಾಗಿದ್ದಾಗ ಆಯಿತು. ರವೀಂದ್ರ ಅವಳಿಗೆ ಬೇರೆಯವನಲ್ಲ, ದೂರದ ಅಣ್ಣನ ಮಗ; ಬೀದಿಯ ಮಧ್ಯದಲ್ಲಿ ಅವನದೇ ಅಂಗಡಿ ಸಾಲಿನ ಕಟ್ಟಡವಿದೆ. ಆ ಸಲ ಪೂಜೆಗೆ ಶಾಮಿಯಾನ ಹಾಕಿಸಿ, ಬಂದವರಿಗೆ ಮೈಸೂರುಪಾಕು ಹಂಚಿದ್ದ. ಕೆಲಸ ಮಾತ್ರ ಶುರುವಾಗಲಿಲ್ಲ. ಕೇಳಿದಾಗ ಟೆಂಡರಿನ ಏನೋ ತೊಂದರೆ ಹೇಳಿದ. ಆಮೇಲೆ ಚುನಾವಣೆ ಬಂತು, ವಾರ್ಡು ಮಹಿಳೆಯರಿಗೆ ಮೀಸಲಾಯಿತು, ಚೈತ್ರ ಗೆದ್ದಳು.

ಚೈತ್ರ ಮರಗೆಲಸದ ಮನೆಯ ಸೊಸೆ. ಹಿಂದಿನ ಬೀದಿಯಲ್ಲಿ ಅವಳ ಗಂಡ ಯೋಗೇಶನ ಬಾಗಿಲು-ಕಿಟಕಿ ಮಾಡುವ ಕಾರ್ಖಾನೆಯಿತ್ತು. ಅವಳು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಗೆದ್ದ ಹೊಸದರಲ್ಲಿ ಜನ ಯೋಗೇಶನನ್ನು ಕೇಳಿಕೊಂಡು ಬರುತ್ತಿದ್ದರು. ಅವರು ಮರ ಕುಯ್ಯಲು ಹೋಗಿದ್ದಾರೆ, ನಲ್ಲಿ ನೀರಿನ ಮಾತಾದರೆ ನನ್ನ ಹತ್ತಿರವೇ ಹೇಳಿ ಎನ್ನುವಳು. ಕೆಲವು ದಿನ ಹಾಗೆ ಹೇಳಿದ ಮೇಲೆ ಜನ ಅವಳನ್ನೇ ಕೇಳಿಕೊಂಡು ಬರತೊಡಗಿದರು.

ಆ ವರ್ಷ ಕಬ್ಬಿನ ಸುಗ್ಗಿ ಮುಗಿಯುವ ಹೊತ್ತಿಗೆ ಸುಬ್ರಹ್ಮಣ್ಯನ ಹೆಂಡತಿ ಮಂಗಳಮ್ಮ ಬಿದ್ದಳು. ಅವಳು ಬೀದಿಗೆ ಹೊಸಬಳಲ್ಲ. ಯಾವ ಚಪ್ಪಡಿ ಅಲ್ಲಾಡುತ್ತದೆ ಎನ್ನುವುದು ಅವಳ ಕಾಲಿಗೇ ಗೊತ್ತಿತ್ತು. ಆದರೆ ಹಿಂದಿನ ದಿನ ಟ್ರಾಕ್ಟರು ಹತ್ತಿ ಗಟ್ಟಿಯಿದ್ದ ಚಪ್ಪಡಿಯೊಂದು ಒಳಗೇ ಬಿರುಕುಬಿಟ್ಟಿತ್ತು. ದೇವಸ್ಥಾನದಿಂದ ಬರುತ್ತಿದ್ದವಳು ಅದರ ಮೇಲೆ ಕಾಲಿಟ್ಟಳು, ಕಲ್ಲು ಎರಡಾಗಿ ಕಾಲು ಮೊಣಕಾಲಿನ ತನಕ ಮೋರಿಯೊಳಗೆ ಹೋಯಿತು. ಚಲುವಮ್ಮ, ಚಿಕ್ಕಸ್ವಾಮಿ ಸೇರಿ ಅವಳನ್ನು ಎತ್ತಿ ಜಗಲಿಯ ಮೇಲೆ ಮಲಗಿಸಿದರು. ಮಂಗಳಮ್ಮ ಅಳಲಿಲ್ಲ, ಚಲುವಮ್ಮನ ಕೈಯನ್ನು ಬಲವಾಗಿ ಹಿಡಿದುಕೊಂಡು ಚಾವಣಿ ನೋಡುತ್ತಿದ್ದಳು. ಪಾದದ ಹತ್ತಿರ ಮೂಳೆ ಮುರಿದಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಬೇಕಾಯಿತು.

ಬೀದಿಯವರೆಲ್ಲ ಚೈತ್ರಳ ಮನೆಗೆ ಹೋಗಿ ಕೇಳಿದರು. ಅವಳು ಪುರಸಭೆ ಮೀಟಿಂಗಿನಲ್ಲಿ ಮೂರು ಸಲ ಎದ್ದು ನಿಂತು ಮಾತಾಡಿ, ಮೋರಿ ರಿಪೇರಿ ಮತ್ತು ಫುಟ್‌ಪಾತಿಗೆ ಮಂಜೂರಾತಿ ತಂದಳು. ಆಮೇಲೊಂದು ಬೆಳಿಗ್ಗೆ ನಾಲ್ಕೈದು ಜನರನ್ನು ಕರೆದುಕೊಂಡು ಚಲುವಮ್ಮನ ಮನೆಗೆ ಬಂದಳು. ಶುಕ್ರವಾರ ಗುದ್ದಲಿ ಪೂಜೆ ಇಟ್ಟುಕೊಂಡಿದ್ದೇವೆ, ದೊಡ್ಡವರು ಬರುತ್ತಾರೆ, ಎಂದಿನಂತೆ ನಿಮ್ಮ ಮನೆ ಮುಂದೆಯೇ ಮಾಡೋಣ ಎಂದಳು.

ಚಲುವಮ್ಮ ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆ ಬೋರಲು ಹಾಕಿ, ಕೈ ಒರೆಸಿಕೊಂಡು ಎದ್ದಳು.

“ಪೂಜೆ ಬ್ಯಾಡ ಕನವ್ವ,” ಎಂದಳು. “ಮೊದ್ಲು ಕೆಲ್ಸ ಮಾಡ್ಸು. ಆದ್ಮೇಲೆ ನಾನೇ ಕಾಯಿ ತಂದು ಒಡೀತೀನಿ. ಭೂಮ್ತಾಯಿಗೆ ಎಷ್ಟ್ ಸಲ ಅಂತ ಸುಳ್ಳು ಹೇಳದು? ಗುದ್ದಲಿ ಕೊಡುಕ್ಕೆ ನಂಗೇ ನಾಚ್ಕೆ ಆಯ್ತದೆ.”

ಜೊತೆಗಿದ್ದ ಗಂಡಸರು ನಕ್ಕರು. ಒಬ್ಬ, ಫ್ಲೆಕ್ಸು ಆಗಲೇ ಪ್ರಿಂಟಿಗೆ ಹೋಗಿದೆಯಲ್ಲ ಎಂದ. ಚೈತ್ರ ನಗಲಿಲ್ಲ. ಆಗಲಿ ನೋಡುತ್ತೇನೆ ಎಂದು ಹೋದಳು. ಆ ದಿನ ಅವಳಿಗೆ ಫೋನಿನ ಮೇಲೆ ಫೋನು ಬಂದವಂತೆ. ಪೂಜೆಯಿಲ್ಲದೆ ಕೆಲಸ ಶುರುಮಾಡಿದರೆ ಯಾರು ಮಾಡಿಸಿದರೆಂದು ಜನಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಒಬ್ಬರು ಗದರಿದರಂತೆ. ಮಾರನೆಯ ಬೆಳಿಗ್ಗೆ ಅವಳು ಒಬ್ಬಳೇ ಹಾಲಿನ ಪಾತ್ರೆ ಹಿಡಿದು ಬಂದಳು.

“ಪೂಜೆ ಇಲ್ಲ ಅಂತ ಹೇಳ್ಬುಟ್ಟೆ ದೊಡ್ಡಮ್ಮ. ಸೋಮವಾರ ಇಂಜಿನಿಯರ್ರು ಗುರುತು ಹಾಕುಕ್ಕೆ ಬತ್ತಾರೆ.”

ಚಲುವಮ್ಮನಿಗೆ ಹೆಮ್ಮೆಯಾಯಿತು. ಬಂದ ಗಿರಾಕಿಗಳಿಗೆಲ್ಲ ಆ ವಾರ ಅದನ್ನೇ ಹೇಳಿದಳು.

ಸೋಮವಾರ ಪುರಸಭೆಯ ಇಂಜಿನಿಯರ್ ಟೇಪು ಹಿಡಿದ ಇಬ್ಬರೊಂದಿಗೆ ಬಂದ. ಬೀದಿಯ ಆಚೆ ತುದಿಯಿಂದ ಅಳೆಯುತ್ತಾ, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ, ಮೋರಿ ಹರಿಯುವ ಈಚೆ ದಿಕ್ಕಿಗೆ ಬಂದರು. ಗೆರೆ ಕೆಲವರ ಮೆಟ್ಟಿಲನ್ನು, ಕೆಲವರ ಬೈಕಿನ ಇಳಿಜಾರನ್ನು ದಾಟಿತು. ರವೀಂದ್ರನ ಕಟ್ಟಡದ ಮುಂದಿನ ಗ್ರಾನೈಟು ಮೆಟ್ಟಿಲ ಮೇಲೂ ಹತ್ತಿ ಇಳಿಯಿತು. ಸುಬ್ರಹ್ಮಣ್ಯನ ಅಂಗಡಿಯ ಒಂದು ಮೆಟ್ಟಿಲು ಹೋಯಿತು. ಕೊನೆಗೆ ಚಲುವಮ್ಮ ನೋಡನೋಡುತ್ತಿದ್ದ ಹಾಗೆ ಸುಣ್ಣದ ಗೆರೆ ಅವಳ ಜಗಲಿಯ ಮೇಲೆ ಹತ್ತಿತು. ಇಂಜಿನಿಯರ್ ಮರ್ಯಾದೆಯವನು. ಜಗಲಿಯ ಮುಕ್ಕಾಲು ಪಾಲು ಮೋರಿಯ ಜಾಗದಲ್ಲಿದೆ, ತೆಗೆಯದೆ ಮೋರಿ ರಿಪೇರಿ ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಬೀದಿಯವರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಮೊದಲು ಕೆಲಸ ಮಾಡಿಸು ಎಂದವಳು ಚಲುವಮ್ಮನೇ. ಒಳಗೆ ಹೋಗಿ ಹಸುವಿಗೆ ಹುಲ್ಲು ಹಾಕಿದಳು. ಹಾಕಿದ್ದರ ಮೇಲೇ ಮತ್ತೆ ಹಾಕಿದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಚಿಕ್ಕಸ್ವಾಮಿ ಅವಳಿಗೆ ಗೊತ್ತಿಲ್ಲದ ಒಂದು ಮಾತು ಹೇಳಿದ. ಹಳೆಯ ಜಗಲಿ ಕಿರಿದಾಗಿತ್ತು. ಅವನ ಅಪ್ಪ ಮಗಳ ಮದುವೆಗೆ ಬಂದ ನೆಂಟರು ಮಲಗಲು ಜಾಗ ಬೇಕೆಂದು ಅದನ್ನು ಮುಂದಕ್ಕೆ ಕಟ್ಟಿಸಿದ್ದ. ಮೋರಿ ಮೇಲೆ ಬಂದಿದೆ ಎಂದು ಆಗಲೂ ನಾಲ್ಕು ಜನ ಆಡಿಕೊಂಡಿದ್ದರು.

“ಅಂಗಾರೆ ಏನ್ ಮಾಡದು?” ಎಂದಳು ಚಲುವಮ್ಮ.

“ನಿನ್ನಿಷ್ಟ ಅಮ್ಮಿ. ಅಲ್ಲಿ ಕೂರೋಳು ನೀನು.”

ಗಂಡ ಹೀಗೆ ತನ್ನ ಮೇಲೆ ಬಿಟ್ಟದ್ದು ಅವಳಿಗೆ ಸಮಾಧಾನವನ್ನೇನೂ ಕೊಡಲಿಲ್ಲ.

ಸಂಜೆ ರವೀಂದ್ರ ಬಂದ. ಜಗಲಿಯ ಮೇಲೆ ಸುಣ್ಣದ ಗೆರೆ ಬಿಟ್ಟು ಈಚೆಗೆ ಕೂತ. ಇದೆಲ್ಲ ಆ ಹೆಂಗಸಿಗೆ ತಿಳಿವಳಿಕೆ ಇಲ್ಲದ್ದರಿಂದ ಆಗುತ್ತಿದೆ, ತಾನಾಗಿದ್ದರೆ ಹಳಬರ ಮನೆಗೆ ಕೈಹಾಕುತ್ತಿರಲಿಲ್ಲ ಎಂದ.

“ನೀವೊಂದ್ ಹೂಂ ಅನ್ನಿ ಸಾಕು ಅತ್ತೆ. ಜೆಸಿಬಿ ಬಂದ ದಿನ ಇದ್ರ ಮೇಲೆ ಕೂತ್ಕಳಿ, ಏಳ್ಬ್ಯಾಡಿ. ಎಪ್ಪತ್ತೊರ್ಷದ ಮುದ್ಕಿ ಕೂತಿದ್ರೆ ಯಾವನ್ ಮುಂದಕ್ಕೆ ಬತ್ತಾನೆ? ಮಿಕ್ಕಿದ್ದು ನಾವ್ ನೋಡ್ಕತೀವಿ.”

“ನಂಗೆಲ್ಲಿ ಎಪ್ಪತ್ತಾಗದೆ?” ಎಂದಳು ಚಲುವಮ್ಮ. ಅವಳಿಗೆ ಅರವತ್ತೆರಡು.

ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದಳು. ಆದರೆ ಅವನ ಮಾತು ತಲೆಯಲ್ಲಿ ಉಳಿಯಿತು. ನಿಜಕ್ಕೂ ತಾನು ಕೂತರೆ ಯಾರೂ ಎಬ್ಬಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಲವತ್ತು ವರ್ಷ ಕೂತ ಜಾಗ. ಹೆರಿಗೆಯಾಗಿ ಬಂದ ಸೊಸೆ ಎಳೆ ಬಿಸಿಲು ಕಾಯಿಸಿಕೊಂಡ ಜಾಗ. ಮಾವ ಕೊನೆಗಾಲದಲ್ಲಿ ಹಗಲೆಲ್ಲ ಕೂತು ಬೀದಿ ನೋಡುತ್ತಿದ್ದದ್ದೂ ಅಲ್ಲಿಯೇ. ರವೀಂದ್ರ ತನ್ನ ಗ್ರಾನೈಟು ಮೆಟ್ಟಿಲ ವಿಷಯ ಎತ್ತಲಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಪಾತ್ರೆ ತೊಳೆಯುವಾಗ.

ಮರುದಿನ ಮಂಗಳಮ್ಮನಿಗೆ ಹಾಲು ಕೊಡಲು ಅವಳೇ ಹೋದಳು. ಮಂಗಳಮ್ಮ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದಳು. ತಮ್ಮ ಮೆಟ್ಟಿಲು ತೆಗೆಯಲು ಸುಬ್ರಹ್ಮಣ್ಯ ಒಪ್ಪಿದ್ದಾನೆ ಎಂದಳು. ಆಮೇಲೆ ಕೈಕೆಲಸ ನಿಲ್ಲಿಸಿ, “ನಿಮ್ಮ ಜಗಲಿ ಹೋಗ್ತದಂತೆ. ನಂಗೆ ಬೇಜಾರಾಯ್ತು ಕಣ್ರೀ ಚಲುವಮ್ನೋರೆ. ಅವತ್ತು ಅದೊಂದು ಇಲ್ದೇ ಇದ್ದಿದ್ರೆ ನನ್ನ ಬೀದೀಲಿ ಮಲಗಿಸಬೇಕಾಗಿತ್ತು,” ಎಂದಳು.

ಕಾಲು ಮುರಿದುಕೊಂಡವಳೇ ಹೀಗೆ ಹೇಳಿದ್ದು ಕೇಳಿ ಚಲುವಮ್ಮನಿಗೆ ಇನ್ನಷ್ಟು ಕಷ್ಟವಾಯಿತು. ಅವಳು ಅಲ್ಲಿಂದ ನೆಟ್ಟಗೆ ಚೈತ್ರಳ ಮನೆಗೆ ಹೋದಳು. ಚೈತ್ರ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಮದುವೆ ರವಿಕೆಗೆ ಕೈ ಹೊಲಿಗೆ ಹಾಕುತ್ತಿದ್ದಳು. ಎದ್ದು ಕುರ್ಚಿ ಕೊಟ್ಟಳು. ಚಲುವಮ್ಮ ಸುತ್ತಿಬಳಸದೆ, ಗೆರೆಯನ್ನು ನಮ್ಮ ಮನೆ ಹತ್ತಿರ ಸ್ವಲ್ಪ ಬಗ್ಗಿಸಿದರೆ ಏನಾಗುತ್ತದೆ ಎಂದು ಕೇಳಿದಳು.

ಚೈತ್ರ ದಾರ ಕಡಿದು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ನಿಮ್ ಮನೆತಾವ ಬಗ್ಗಿಸಿದ್ರೆ ಪಕ್ಕದ್ ಮನೆತಾವ್ಲೂ ಬಗ್ಗಿಸ್ಬೇಕು ದೊಡ್ಡಮ್ಮ. ಆಮೇಲೆ ಯಾರ್ಗೂ ಇಲ್ಲ ಅನ್ನುಕ್ಕೆ ನನ್ಕೈಲಿ ಆಗಲ್ಲ. ಆದ್ರೆ ಬಲವಂತವಾಗಿ ನಿಮ್ಮ ಜಗಲಿಗೆ ಜೆಸಿಬಿ ಹಾಕ್ಸಲ್ಲ. ಪೂಜೆ ಬ್ಯಾಡ ಅಂದ್ರಿ, ಕೇಳ್ದೆ. ಇದ್ನೂ ನೀವ್ ಹೇಳ್ದಂಗೇ ಮಾಡ್ತೀನಿ.”

“ನನ್ ತಲೆ ಮ್ಯಾಲೆ ಹಾಕ್ಬುಟ್ಟಲ್ಲವ್ವ,” ಎಂದಳು ಚಲುವಮ್ಮ. ಅವಳಿಗೆ ಸಿಟ್ಟೇ ಬಂದಿತ್ತು. ಜೋರು ಮಾಡಿದ್ದರೆ ಜಗಳವಾಡಬಹುದಿತ್ತು. ಆ ಹುಡುಗಿ ಜೋರು ಮಾಡಲಿಲ್ಲ. ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಚಲುವಮ್ಮ ಕುಡಿದು, ಲೋಟ ಕೆಳಗಿಟ್ಟು, ಜೆಸಿಬಿ ಬೇಡ, ನಮ್ಮದನ್ನು ನಾವೇ ತೆಗೆದುಕೊಳ್ಳುತ್ತೇವೆ, ಕಲ್ಲು ಒಡೆಯಬಾರದು ಎಂದು ಹೇಳಿ ಎದ್ದಳು. ಯಾವಾಗ ಮನಸ್ಸು ಹಾಗೆ ಗಟ್ಟಿಯಾಯಿತು ಎಂದು ಆಮೇಲೆ ಶ್ವೇತ ಕೇಳಿದರೆ, ಗೊತ್ತಿಲ್ಲ, ಬಾಯಿಗೆ ಬಂತು ಹೇಳಿದೆ ಎಂದಳು.

ಭಾನುವಾರ ಬೆಳಿಗ್ಗೆ ಹಾಲು ಕರೆದಾದ ಮೇಲೆ ಚಿಕ್ಕಸ್ವಾಮಿ, ಶಿವಶಂಕರ ಗಡಾರಿ ಹಿಡಿದರು. ಯೋಗೇಶ ಕಾರ್ಖಾನೆಯಿಂದ ಎರಡು ಮರದ ದಿಮ್ಮಿ ತಂದ. ಕಲ್ಲುಗಳನ್ನು ಎಬ್ಬಿಸಿ, ದಿಮ್ಮಿಯ ಮೇಲೆ ಉರುಳಿಸಿ ಹಿತ್ತಿಲಿಗೆ ಸಾಗಿಸಿದರು. ಚಲುವಮ್ಮ ಅತ್ತ ಹೋಗಲಿಲ್ಲ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕಲ್ಲಿನ ಮೇಲೆ ಗಡಾರಿ ಬಿದ್ದ ಸದ್ದು ಮಾತ್ರ ಅವಳಿಗೆ ಕೇಳಿಸುತ್ತಿತ್ತು. ಆಮೇಲೆ ಶಿವಶಂಕರ ಕೂಗಿದ, “ಅವ್ವ, ಇಲ್ ಬಂದು ನೋಡು.”

ಜಗಲಿಯ ಕಲ್ಲಿನ ಕೆಳಗೆ ಅವಳ ಮಾವ ಹಾಕಿಸಿದ್ದ ತಳಪಾಯ ಮೋರಿಯೊಳಕ್ಕೇ ಇಳಿದಿತ್ತು. ಮೋರಿ ಅಲ್ಲಿ ಒಂದು ಗೇಣು ಅಗಲ ಕೂಡ ಉಳಿದಿರಲಿಲ್ಲ. ಆ ಸಂದಿಗೆ ಪ್ಲಾಸ್ಟಿಕ್ಕು, ಚಿಂದಿ, ತೆಂಗಿನ ನಾರು ಸಿಕ್ಕಿಕೊಂಡು ಗಟ್ಟಿಯಾಗಿ ಗೋಡೆಯೇ ಆಗಿತ್ತು. ಸುಬ್ರಹ್ಮಣ್ಯನ ಅಂಗಡಿ ಮುಂದೆ ನೀರು ಏಕೆ ಉಕ್ಕುತ್ತಿತ್ತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ನೆರೆದಿದ್ದವರೆಲ್ಲ ಬಗ್ಗಿ ನೋಡಿದರು. ಚಲುವಮ್ಮನೂ ಬಗ್ಗಿದಳು. ಅಷ್ಟು ವರ್ಷ ಯಾವ ಜಾಗದಲ್ಲಿ ನಿಂತು ಪುರಸಭೆಯವರನ್ನು ಬೈದಿದ್ದಳೋ ಅದರ ಕೆಳಗೇ ನೀರು ಕಟ್ಟಿಕೊಂಡಿತ್ತು. ಚಿಕ್ಕಸ್ವಾಮಿ ಲುಂಗಿ ಎತ್ತಿಕಟ್ಟಿ ಮೋರಿಗಿಳಿದು ಕಸ ಎಳೆಯತೊಡಗಿದ. ನಿಂತ ನೀರು ಗುಳುಗುಳು ಎಂದು ಸದ್ದು ಮಾಡುತ್ತಾ ಹರಿಯಿತು.

ಅವಳು ಅದನ್ನು ಮುಚ್ಚಿಡಲಿಲ್ಲ. ಆ ಹೊತ್ತೇ ಮಂಗಳಮ್ಮನ ಮನೆಗೆ ಹೋಗಿ, ನಿಮ್ಮ ಅಂಗಡಿ ಮುಂದೆ ನೀರು ನಿಲ್ಲುತ್ತಿದ್ದದ್ದು ನಮ್ಮಿಂದಲೇ ಎಂದು ಹೇಳಿದಳು. ಮಂಗಳಮ್ಮನ ಅಂಗಡಿಗೆ ಎಷ್ಟೋ ಮಳೆಗಾಲ ಗಿರಾಕಿಗಳು ಕಾಲಿಡಲಾಗದೆ ವಾಪಸು ಹೋಗಿದ್ದರು. ಆದರೂ ಅವಳು, ಗೊತ್ತಿದ್ದು ಮಾಡಿದ್ದಲ್ಲವಲ್ಲ ಎಂದಳು. ಒಳಗಿದ್ದ ಸುಬ್ರಹ್ಮಣ್ಯ ಮಾತ್ರ ಎರಡು ದಿನ ಹಾಲಿಗೆ ಬರಲಿಲ್ಲ. ಮೂರನೆಯ ದಿನ ಬಂದ, ಎಂದಿನಂತೆ ಪಾತ್ರೆ ಚಾಚಿದ.

ಕೆಲಸ ಬೇಗ ಮುಗಿಯಲಿಲ್ಲ. ಮೋರಿಯ ಗೋಡೆ ಕಟ್ಟಿದ ಮೇಲೆ ಕಾಂಟ್ರಾಕ್ಟರು ಇನ್ನೊಂದು ಊರಿನ ಕೆಲಸಕ್ಕೆ ಆಳುಗಳನ್ನು ಕರೆದೊಯ್ದ. ಬೀದಿಯವರು ಹಲಗೆ ಹಾಕಿಕೊಂಡು ಮನೆಗೆ ದಾಟಬೇಕಾಯಿತು. ಆಗ ಎಲ್ಲರೂ ಚೈತ್ರಳನ್ನು ಬೈದರು. ಪೂಜೆ ಮಾಡದೆ ಶುರುಮಾಡಿದ್ದಕ್ಕೇ ಹೀಗಾಯಿತು ಎಂದು ಚಲುವಮ್ಮನನ್ನೂ ಬೈದವರಿದ್ದರು. ಚೈತ್ರ ದಿನಾ ಬೆಳಿಗ್ಗೆ ಪುರಸಭೆಗೆ ಹೋಗಿ ಕೂರುತ್ತಿದ್ದಳು, ಕೆಲವು ದಿನ ಹೊಲಿಗೆಯ ಬಟ್ಟೆಯನ್ನೂ ಅಲ್ಲಿಗೇ ಒಯ್ಯುತ್ತಿದ್ದಳು. ಮುಂಗಾರು ಶುರುವಾಗುವ ಮೊದಲು ಆಳುಗಳು ಮರಳಿ ಬಂದರು. ಹೊಸ ಚಪ್ಪಡಿ ಕೂರಿಸಿದರು, ಮೇಲೆ ಟೈಲ್ಸು ಹಾಸಿದರು, ಟ್ರಾಕ್ಟರು ಹತ್ತದಂತೆ ಅಂಚಿಗೆ ಎತ್ತರದ ಕಲ್ಲು ನೆಟ್ಟರು.

ರವೀಂದ್ರನ ಮೆಟ್ಟಿಲು ಮಾತ್ರ ಉಳಿಯಿತು. ಅವನು ಯಾರನ್ನೋ ಹಿಡಿದು ಅಳತೆಯ ತಕರಾರು ಹಾಕಿಸಿದ್ದ. ಅಷ್ಟು ದೂರ ಜನ ಫುಟ್‌ಪಾತಿನಿಂದ ರಸ್ತೆಗಿಳಿದು ಮತ್ತೆ ಹತ್ತಬೇಕು. ತಕರಾರು ತೀರುವ ತನಕ ತಾನು ಬಿಡುವುದಿಲ್ಲ ಎಂದು ಚೈತ್ರ ಹೇಳುತ್ತಾಳೆ. ಇನ್ನೂ ತೀರಿಲ್ಲ.

ಚಲುವಮ್ಮ ಮಾತು ಉಳಿಸಿಕೊಂಡಳು. ಕೆಲಸ ಮುಗಿದ ವಾರ ಒಂದು ಶುಕ್ರವಾರ ಬೆಳಿಗ್ಗೆ ಹೊಸ ಟೈಲ್ಸಿನ ಮೇಲೆ ರಂಗೋಲಿ ಹಾಕಿ ಕಾಯಿ ಒಡೆದಳು. ಚೈತ್ರ ಬಂದಿದ್ದಳು, ಸುಬ್ರಹ್ಮಣ್ಯ ಬಂದಿದ್ದ, ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಕಾಯಿ ಚೂರು ಹಂಚಿ ಎಲ್ಲರೂ ಅವರವರ ಕೆಲಸಕ್ಕೆ ಹೋದರು.

ಈಗ ಅವಳ ಮನೆ ಮುಂದೆ ಉಳಿದಿರುವುದು ಒಂದು ಮೊಳ ಅಗಲದ ಕಟ್ಟೆ. ಅದರ ಮೇಲೆ ಹಾಲಿನ ಕ್ಯಾನು ಇಡಬಹುದು, ಮೊದಲಿನಂತೆ ಹತ್ತು ಜನ ಕೂರಲಾಗುವುದಿಲ್ಲ. ಇದರ ಬಗ್ಗೆ ಅವಳು ಸುಳ್ಳು ಸಂತೋಷ ತೋರಿಸುವುದಿಲ್ಲ. ಹೋಗುವವರೆಲ್ಲ ಬಾಗಿಲಿಗೆ ಇಷ್ಟು ಹತ್ತಿರ ಹೋಗುತ್ತಾರೆ, ಒಳಗೆ ಏನು ಸಾರು ಎಂದು ಕೇಳುತ್ತಾರೆ ಎಂದು ಗೊಣಗುತ್ತಾಳೆ. ಸಂಜೆ ಹೆಂಗಸರು ಬಂದು ಕೂರುವುದು ನಿಂತಿತು. ಮೊದಲ ಕೆಲವು ವಾರ ಆ ಹೊತ್ತಿಗೆ ಏನು ಮಾಡಬೇಕೆಂದು ತೋಚದೆ ಅವಳು ಟಿ.ವಿ. ಮುಂದೆ ಕೂತು ಎದ್ದು ಮಾಡುತ್ತಿದ್ದಳು.

ಮಂಗಳಮ್ಮನಿಗೆ ಡಾಕ್ಟರು ದಿನಾ ಸ್ವಲ್ಪ ನಡೆಯಲು ಹೇಳಿದ್ದರು. ಒಬ್ಬಳೇ ಹೋಗಲು ಅವಳಿಗೆ ಭಯ. ಹೀಗೆ ಇಬ್ಬರೂ ಸಂಜೆ ಹೊರಡುವ ರೂಢಿಯಾಯಿತು. ಚಲುವಮ್ಮನ ಗದ್ದೆ, ಡೇರಿ, ಬಸ್‌ಸ್ಟ್ಯಾಂಡು ಎಲ್ಲವೂ ಬೀದಿಯ ಈಚೆ ಕಡೆಗಿದ್ದದ್ದರಿಂದ ಅವಳು ಆಚೆ ತುದಿಗೆ ಹೋಗಿ ವರ್ಷಗಳೇ ಆಗಿದ್ದವು. ಮೊದಲ ದಿನ ಮಂಗಳಮ್ಮ ಅರ್ಧಕ್ಕೇ ಸುಸ್ತಾದಳು. ಹತ್ತಾರು ದಿನ ಕಳೆದ ಮೇಲೆ ಇಬ್ಬರೂ ತುದಿ ಮುಟ್ಟಿದರು. ಅಲ್ಲಿ ಒಂದು ಹೊಸ ಮನೆಯ ಮುಂದೆ ಹೆಂಗಸೊಬ್ಬಳು ಒಣಹಾಕಿದ್ದ ಹಪ್ಪಳ ಎತ್ತುತ್ತಿದ್ದಳು. ಚಲುವಮ್ಮನನ್ನು ನೋಡಿ ಕೈ ನಿಲ್ಲಿಸಿ, ನೀವು ತೊಣ್ಣೂರಿನವರಲ್ಲವೇ ಎಂದು ಕೇಳಿದಳು. ಅವಳ ಹೆಸರು ಮಂಚಮ್ಮ, ತೊಣ್ಣೂರಿನಲ್ಲಿ ಚಲುವಮ್ಮನ ತವರಿನ ಎದುರು ಮನೆಯವಳು. ಮಗನ ಜೊತೆ ಬಾಡಿಗೆಗೆ ಬಂದು ಎರಡು ವರ್ಷವಾಗಿತ್ತಂತೆ. ಅಲ್ಲಾಡುವ ಚಪ್ಪಡಿಗೆ ಹೆದರಿ ಅವಳು ಈಚೆ ಕಡೆ ಬಂದದ್ದೇ ಇಲ್ಲವಂತೆ; ಒಂದೇ ಬೀದಿಯಲ್ಲಿದ್ದೂ ಒಬ್ಬರಿಗೊಬ್ಬರು ಕಂಡಿರಲಿಲ್ಲ.

ಆ ದಿನ ಮೂವರೂ ಹಪ್ಪಳದ ಮೊರ ನಡುವೆ ಇಟ್ಟುಕೊಂಡು ತೊಣ್ಣೂರು ಕೆರೆಯ ಮಾತು, ಸತ್ತುಹೋದವರ ಮಾತು, ಯಾರ ಮಗಳನ್ನು ಎಲ್ಲಿಗೆ ಕೊಟ್ಟರು ಎನ್ನುವ ಮಾತು ಆಡುತ್ತಾ ಕೂತರು. ಬೀದಿ ದೀಪ ಹತ್ತಿಕೊಂಡವು. ಹಸು ಅರಚುತ್ತಿದೆ, ಹಾಲು ಕರೆಯುವ ಹೊತ್ತು ಮೀರಿತು ಎಂದು ಚಿಕ್ಕಸ್ವಾಮಿ ಫೋನು ಮಾಡಿದ. ಇವತ್ತೊಂದು ದಿನ ನೀವೇ ಕರೆದುಕೊಳ್ಳಿ ಎಂದು ಚಲುವಮ್ಮ ಫೋನಿಟ್ಟು, ಅರ್ಧಕ್ಕೆ ನಿಂತಿದ್ದ ಮಾತಿಗೆ ಮಂಚಮ್ಮನ ಕಡೆ ತಿರುಗಿದಳು.